ಅಮಲ್ದಾರ ಇಳಿಯಲಿಲ್ಲ

ನಮ್ಮೂರಲ್ಲಿ ತೊಡೆಯ ಮೇಲೆ ಬೆಕ್ಕು ಕೂತವರನ್ನು ಎಬ್ಬಿಸುವ ಹಾಗಿಲ್ಲ. ಬೆಕ್ಕು ತಾನಾಗಿ ಇಳಿದು ಹೋಗುವ ತನಕ ಅವರು ಕೂತಿರಬೇಕು, ಉಳಿದವರು ಕಾಯಬೇಕು. ಕಚೇರಿಗೆ ತಡವಾಗಿ ಬಂದ ಗುಮಾಸ್ತ ‘ಬೆಕ್ಕು ಕೂತಿತ್ತು ಸಾರ್’ ಎಂದರೆ ಸಾಹೇಬರು ಮರುಮಾತಾಡದೆ ಹಾಜರಿ ಹಾಕುತ್ತಾರೆ. ಧಾರೆಯ ಹೊತ್ತಿಗೆ ಸರಿಯಾಗಿ ಹುಡುಗಿಯ ಸೋದರಮಾವನ ತೊಡೆಗೆ ಬೆಕ್ಕು ಹತ್ತಿದರೆ ಪುರೋಹಿತರು ಪಂಚಾಂಗ ಬಿಡಿಸಿ ಇನ್ನೊಂದು ಮುಹೂರ್ತ ಹುಡುಕುತ್ತಾರೆ. ನಾನು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವವಳು. ಮದುವೆಗೆ ಹೋದ ನನ್ನ ಕುರ್ಚಿಗಳು ಒಟ್ಟಿಗೆ ವಾಪಸು ಬಂದದ್ದೇ ಇಲ್ಲ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡ ಯಾವನೋ ಒಬ್ಬ ತೊಡೆಯ ಮೇಲೆ ಬೆಕ್ಕಿಟ್ಟುಕೊಂಡು ಕೂತಿರುತ್ತಾನೆ. ನನ್ನ ಹಮಾಲಿಗಳು ಅವನ ಸುತ್ತ ಕಸ ಗುಡಿಸಿ, ಅವನ ತಲೆಯ ಮೇಲಿನ ಶಾಮಿಯಾನ ಬಿಚ್ಚಿಕೊಂಡು, ಅವನನ್ನು ಬಿಸಿಲಿಗೆ ಬಿಟ್ಟು ಬರುತ್ತಾರೆ. ಕುರ್ಚಿ ಮಾರನೆಯ ದಿನ ಬರುತ್ತದೆ.

ನನಗೆ ಬೆಕ್ಕು ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ಗಂಡ ಚೆಲುವರಾಯ ಮತ್ತು ಅವರ ಬೆಕ್ಕು ಅಮಲ್ದಾರ. ಬೂದು ಬಣ್ಣದ, ದಪ್ಪ ಕತ್ತಿನ ಗಂಡು ಬೆಕ್ಕು ಅದು. ಬೀದಿಯಲ್ಲಿ ತಪಾಸಣೆಗೆ ಬಂದ ತಾಲೂಕು ಅಧಿಕಾರಿಯ ಹಾಗೆ ನಡೆಯುತ್ತದೆಂದು ಇವರೇ ಇಟ್ಟ ಹೆಸರು. ‘ರೀ, ಲಾರಿ ಬಂತು, ಕಂಬ ಇಳಿಸಬೇಕು, ಒಂದು ಕೈ ಹಾಕಿ ಬನ್ನಿ’ ಎಂದು ನಾನು ಗೋದಾಮಿನಿಂದ ಕೂಗುವುದೇ ತಡ, ಇವರು ಕೂತಲ್ಲೇ ತೊಡೆಯನ್ನು ಮೆಲ್ಲಗೆ ತಟ್ಟುತ್ತಿದ್ದರು. ಅಮಲ್ದಾರ ಯಾರ ಮನೆಯ ಮಾಡಿನ ಮೇಲಿದ್ದರೂ ಇಳಿದು ಬಂದು ಹತ್ತಿ ಕೂರುತ್ತಿತ್ತು. ‘ಕೂತೇಬಿಟ್ಟ ನೋಡೇ ಕಾತ್ಯಾಯಿನಿ’ ಎಂದು ಇವರು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಆ ಸಣ್ಣ ಮುಖದ ಹಿಂದೆ ಎಷ್ಟು ಖುಷಿ ಇತ್ತೆಂದು ನನಗೆ ಗೊತ್ತಿತ್ತು. ಹತ್ತು ವರ್ಷ ನಮ್ಮ ಸಂಸಾರ ಹೀಗೇ ನಡೆಯಿತು. ನನ್ನ ತೊಡೆಯ ಮೇಲೆ ಒಂದು ಬೆಕ್ಕೂ ಕೂತಿರಲಿಲ್ಲ. ಬೆಕ್ಕು ಕೂರಬೇಕಾದರೆ ಮೊದಲು ನಾನು ಎಲ್ಲಾದರೂ ಕೂರಬೇಕಲ್ಲ.

ಹೀಗಿರುವಾಗ ಊರಿನ ಬೆಕ್ಕುಗಳು ಇಳಿಯುವುದನ್ನು ನಿಲ್ಲಿಸಿದವು. ಮೊದಲು ಅಂಚೆ ಕಚೇರಿಯ ಗುರುಪಾದಪ್ಪನವರಿಗೆ ಹಾಗಾಯಿತು. ಬೆಳಗ್ಗೆ ಹತ್ತಿದ ಬೆಕ್ಕು ಸಂಜೆಗೂ ಇಳಿಯಲಿಲ್ಲ, ಮರುದಿನವೂ ಇಳಿಯಲಿಲ್ಲ. ಅವರ ಅದೃಷ್ಟ ನೋಡಿ ಜನ ಹೊಟ್ಟೆಕಿಚ್ಚು ಪಟ್ಟರು. ಆಮೇಲೆ ಒಬ್ಬೊಬ್ಬರಿಗೇ ಆಯಿತು. ಮುಖದ ಅರ್ಧಕ್ಕೆ ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿ ಕ್ಷೌರದ ಕುರ್ಚಿಯಲ್ಲೇ ಉಳಿದ. ಬಸ್ಸಿನ ಡ್ರೈವರ್ ಸಂತೆ ಮೈದಾನದ ಪಕ್ಕ ಸ್ಟೀರಿಂಗ್ ಹಿಡಿದುಕೊಂಡೇ ಕೂತ. ಪ್ರಯಾಣಿಕರು ಮರ್ಯಾದೆಗೆ ಸ್ವಲ್ಪ ಹೊತ್ತು ಕೂತಿದ್ದು ಆಮೇಲೆ ನಡೆದುಕೊಂಡು ಹೋದರು. ಎಣ್ಣೆ ಗಾಣದವರ ಮನೆಗೆ ನುಗ್ಗಿದ ಕಳ್ಳನೊಬ್ಬ ಬೀರು ಮುಟ್ಟುವ ಮುಂಚೆ ಬೆವರು ಒರೆಸಿಕೊಳ್ಳೋಣವೆಂದು ಮಂಚದ ತುದಿಗೆ ಕೂತವನು ಅಲ್ಲೇ ಸಿಕ್ಕಿಕೊಂಡ. ಮನೆಯವರು ಬೆಳಗ್ಗೆ ಎದ್ದು, ಅವನನ್ನು ಬಾಯ್ತುಂಬ ಬೈದು, ಕಾಫಿ ಕೊಟ್ಟರು. ಪೊಲೀಸರು ಬಂದು ನೋಡಿ, ಬೆಕ್ಕು ಇಳಿದ ಮೇಲೆ ಹೇಳಿಕಳಿಸಿ ಎಂದು ಹೊರಟರು. ಇಷ್ಟು ದಿನ ಕೂತವರ ಸ್ನಾನ ಶೌಚ ಹೇಗೆ ಎಂದು ನೀವು ಕೇಳಬಹುದು. ನಮ್ಮೂರಿನವರು ಮರ್ಯಾದಸ್ಥರು, ಆ ಏರ್ಪಾಡನ್ನು ಹೊರಗಿನವರಿಗೆ ಹೇಳುವುದಿಲ್ಲ.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಪುರಸಭೆಯ ಅಧ್ಯಕ್ಷ ಬೋರಲಿಂಗಯ್ಯ. ಅವರ ಅವಧಿ ಮುಗಿದಿತ್ತು. ಪುರಸಭೆಯ ಸಭಾಂಗಣದಲ್ಲಿ ಅಧಿಕಾರ ಬಿಟ್ಟುಕೊಡುವ ಸಮಾರಂಭಕ್ಕೆಂದು ನನ್ನ ಹತ್ತಿರವೇ ಕೆಂಪು ಮಖಮಲ್ಲಿನ ಆರತಕ್ಷತೆ ಕುರ್ಚಿಯನ್ನು ಒಂದು ದಿನದ ಬಾಡಿಗೆಗೆ ತರಿಸಿಕೊಂಡಿದ್ದರು. ಭಾಷಣ ಮುಗಿಸಿ ಇನ್ನೇನು ಏಳಬೇಕು, ಬೆಕ್ಕು ಬಂದು ಕೂತಿತು. ‘ಬೆಕ್ಕೇ ಕೂತ್ಕೋ ಅಂತ ಹೇಳ್ತಿರುವಾಗ ನಾನು ಹೇಗೆ ಏಳ್ಲಿ ಮಹಾಜನಗಳೇ’ ಎಂದು ಅವರು ಕೈಮುಗಿದರು. ಕೂತ ಕಡೆಯಿಂದಲೇ ಆಡಳಿತ ನಡೆಸತೊಡಗಿದರು. ಊರ ಬಾಗಿಲಿಗೆ ಒಂದು ಸ್ವಾಗತ ಕಮಾನು ಕಟ್ಟಿಸುವುದು ಅವರ ಜೀವನದ ಆಸೆ. ನಮ್ಮೂರು ಯಾವ ನಕಾಶೆಯಲ್ಲೂ ಇಲ್ಲ, ದಾರಿ ತಪ್ಪಿದವರ ಹೊರತು ಯಾರೂ ಬರುವುದಿಲ್ಲ. ಆದರೂ ದುಡ್ಡು ಎತ್ತಿಟ್ಟಾಗಿತ್ತು, ಕಮಾನಿನ ಮೇಲೆ ಬರೆಯಬೇಕಾದ ಹೆಸರೂ ತೀರ್ಮಾನವಾಗಿತ್ತು.

ನಮ್ಮ ಮನೆಯಲ್ಲಿ ಅಮಲ್ದಾರ ಒಂದು ಸೋಮವಾರ ಚೆಲುವರಾಯರ ತೊಡೆಗೆ ಹತ್ತಿ ಕೂತದ್ದು ಮತ್ತೆ ಇಳಿಯಲಿಲ್ಲ. ಮೊದಮೊದಲು ಇವರು ಹಬ್ಬ ಬಂದವರ ಹಾಗೆ ಇದ್ದರು. ವಾರ ಕಳೆಯುವ ಹೊತ್ತಿಗೆ ಬೆಕ್ಕು ಹಾಲು ಬಿಟ್ಟಿತು, ಮೀನು ಬಿಟ್ಟಿತು. ಮೈ ಮುಟ್ಟಿದರೆ ಕಾವು. ನಾನು ಪಶುವೈದ್ಯೆ ಡಾಕ್ಟರ್ ಮುಕ್ತಾಂಬ ಅವರನ್ನು ಕರೆತಂದೆ. ಅವರು ಚೀಲದಿಂದ ಥರ್ಮಾಮೀಟರ್ ತೆಗೆದು ನೋಡಿ ಮತ್ತೆ ಒಳಗಿಟ್ಟರು. ಅದು ಎಮ್ಮೆಗೆ ಇಡುವಂಥದ್ದು. ಸೂಜಿಯೂ ಎಮ್ಮೆಯದೇ. ಕೊನೆಗೆ ಅಂಗೈಯಿಂದ ಅಮಲ್ದಾರನ ಕಿವಿ ಮುಟ್ಟಿ ನೋಡಿದರು.

‘ಜ್ವರ ಇದೆ ಕಣ್ರೀ’ ಎಂದರು. ‘ಯಾಕೆ ಅಂತ ಮಾತ್ರ ನನಗೆ ಗೊತ್ತಿಲ್ಲ.’

‘ಡಾಕ್ಟರಾಗಿ ಗೊತ್ತಿಲ್ಲ ಅಂತೀರಲ್ಲ’ ಎಂದೆ. ನನ್ನ ಬಾಯಿ ಸ್ವಲ್ಪ ಜೋರು.

‘ಹಸು ಹಾಲು ಕೊಡುತ್ತೆ, ಕೋಳಿ ಮೊಟ್ಟೆ ಕೊಡುತ್ತೆ. ಅವುಕ್ಕೇನಾದ್ರೂ ಆದ್ರೆ ದುಡ್ಡು ಸುರಿದು ಸಂಶೋಧನೆ ಮಾಡಿಸ್ತಾರೆ. ಬೆಕ್ಕು ಏನು ಕೊಡುತ್ತೆ ಹೇಳಿ? ಅದಕ್ಕೇ ಬೆಕ್ಕಿನ ಕಾಯಿಲೆ ಬಗ್ಗೆ ತಿಳಿದಿರೋದು ಅಷ್ಟಕ್ಕಷ್ಟೇ. ರಕ್ತ ಪರೀಕ್ಷೆ ಆಗಬೇಕು, ಸಣ್ಣ ಎಕ್ಸ್‌ರೇ ಯಂತ್ರ ಬೇಕು, ಕಾಯಿಲೆ ಬಂದಿರೋ ಬೆಕ್ಕು, ಬರದೇ ಇರೋ ಬೆಕ್ಕು ಎರಡನ್ನೂ ಇಟ್ಕೊಂಡು ತಾಳೆ ನೋಡಬೇಕು. ನನ್ನ ಸಂಬಳದಲ್ಲಿ ಆಗೋ ಕೆಲಸ ಅಲ್ಲ.’

ಅವರು ಹೊರಡುವಾಗ ನಾನು ಬಾಗಿಲ ತನಕ ಹೋಗಿ ಮೆಲ್ಲಗೆ ಕೇಳಿದೆ, ಹೀಗೇ ಬಿಟ್ಟರೆ ಏನಾಗುತ್ತದೆ ಎಂದು. ‘ಊಟ ಬಿಟ್ಟ ಬೆಕ್ಕು ಹೆಚ್ಚು ದಿನ ಇರಲ್ಲಮ್ಮ’ ಎಂದರು. ಆ ವಾರವೇ ಗುರುಪಾದಪ್ಪನವರ ಬೆಕ್ಕು ತೊಡೆಯ ಮೇಲೆ ತೀರಿಕೊಂಡಿತು. ಬೆಕ್ಕು ಸತ್ತರೆ ಏಳಬಹುದೇ ಎಂಬುದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಇಳಿದಿರಲಿಲ್ಲವಲ್ಲ. ಅವರು ಅದನ್ನು ಇಟ್ಟುಕೊಂಡು ಬಹಳ ಹೊತ್ತು ಕೂತೇ ಇದ್ದರಂತೆ.  ಮನೆಗೆ ಬಂದು ಅಮಲ್ದಾರನಿಗೆ ಒಂದು ಬೈಗುಳ ಬೈಯೋಣವೆಂದು ಬಾಯಿ ತೆಗೆದವಳು ಅದರ ಬಟ್ಟಲು ತೊಳೆದು ಬೇರೆ ಹಾಲು ಹಾಕಿಟ್ಟೆ. ಇವರೂ ಸುದ್ದಿ ಕೇಳಿದ್ದರು. ‘ಇನ್ನು ಯಾವತ್ತೂ ತೊಡೆ ತಟ್ಟಿ ಕರೆಯಲ್ಲ ಕಣೇ. ಇವನು ಇಳಿದು ಓಡಿಹೋದ್ರೆ ಸಾಕು’ ಎಂದರು. ಕಣ್ಣಲ್ಲಿ ನೀರಿತ್ತು.

ಮುಕ್ತಾಂಬ ಪುರಸಭೆಗೆ ಅರ್ಜಿ ಕೊಟ್ಟರು, ಕಮಾನಿನ ದುಡ್ಡನ್ನು ಬೆಕ್ಕಿನ ಸಂಶೋಧನೆಗೆ ಕೊಡಿ ಎಂದು. ಇಂಥದ್ದಕ್ಕೆಲ್ಲ ನಮ್ಮಲ್ಲಿ ಊರಿನ ಸಭೆ ಸೇರಬೇಕು. ಸಭಾಂಗಣದೊಳಗೆ ಇದ್ದವರು ಯಾರು ಬೇಕಾದರೂ ಕೈ ಎತ್ತಬಹುದು, ಹೆಚ್ಚು ಕೈ ಬಿದ್ದ ಕಡೆಗೆ ತೀರ್ಮಾನ. ನಾನು ಹೋಗಿ ನೋಡುತ್ತೇನೆ, ಬಂದವರು ಬೆರಳೆಣಿಕೆಯ ಜನ. ನಾಯಿ ಸಾಕಿದವರು, ತಮಟೆ ಬಾರಿಸುವವರು, ಮೈತುಂಬ ನೀಲಗಿರಿ ಎಣ್ಣೆ ಹಚ್ಚಿಕೊಳ್ಳುವ ಶೀತದ ಮೈಯವರು. ಯಾವತ್ತೂ ಒಂದು ಬೆಕ್ಕೂ ಹತ್ತಿರ ಸುಳಿಯದವರೇ ಎಲ್ಲರೂ. ಬೆಕ್ಕಿನ ಕಷ್ಟ ಗೊತ್ತಿದ್ದವರು ಮನೆಯಲ್ಲಿ ಬೆಕ್ಕಿನ ಕೆಳಗೆ ಇದ್ದರು.

ಬೋರಲಿಂಗಯ್ಯನವರು ಮಖಮಲ್ಲಿನ ಕುರ್ಚಿಯಲ್ಲಿ ಕೂತು ತಮ್ಮ ಬೆಕ್ಕಿನ ತಲೆ ನೇವರಿಸುತ್ತಾ ಕೇಳಿದರು: ‘ಔಷಧಿ ಸಿಕ್ಕೇ ಸಿಗುತ್ತೆ ಅಂತ ಬರ್ಕೊಡ್ತೀರಾ ಡಾಕ್ಟ್ರೇ?’

‘ಇಲ್ಲ. ಏನು ಕಾಯಿಲೆ ಅಂತ ಇನ್ನೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೇ ದುಡ್ಡು ಕೇಳ್ತಿರೋದು.’

‘ಗೊತ್ತಿಲ್ಲದೇ ಇರೋದಕ್ಕೆ ದುಡ್ಡು ಕೊಡೋದಾ! ಕಮಾನು ಅಂದ್ರೆ ಎಲ್ಲರಿಗೂ ಗೊತ್ತು. ಎರಡು ಕಂಬ, ಮೇಲೊಂದು ಬಿಲ್ಲು. ಅಷ್ಟಕ್ಕೂ ಇದು ಕಾಯಿಲೆನೇ ಅಲ್ಲ, ಪ್ರೀತಿ. ಪ್ರೀತಿಗೆ ಯಾರಾದ್ರೂ ಮದ್ದು ಮಾಡ್ತಾರಾ?’

ತಮಟೆಯವರು ನಕ್ಕರು. ಕೈ ಎತ್ತಿಸಿದಾಗ ನಮ್ಮ ಕಡೆ ಇದ್ದದ್ದು ಡಾಕ್ಟರ್ ಕೈ, ನನ್ನ ಕೈ, ಉಪಾಧ್ಯಕ್ಷೆ ಸಕೀನಾಬಿ ಅವರ ಕೈ. ಸಕೀನಾಬಿ ಗಟ್ಟಿ ಹೆಂಗಸು. ಇದು ಅರೆಬರೆ ಸಭೆ, ಇನ್ನೊಂದು ಸಲ ಸೇರಿಸಬೇಕು ಎಂದು ಹಟ ಹಿಡಿದು ಬುಧವಾರಕ್ಕೆ ಮುಂದೂಡಿಸಿದರು. ‘ಬುಧವಾರವಾದ್ರೂ ಬರೋರು ಇವರೇ ತಾನೇ’ ಎಂದು ಅಧ್ಯಕ್ಷರು ಸಮಾಧಾನವಾಗಿ ಒಪ್ಪಿದರು.

ಮನೆಗೆ ಬಂದು ಇವರ ಮುಂದೆ ಎಲ್ಲ ಹೇಳಿ ಸಿಡಿಮಿಡಿಗುಟ್ಟಿದೆ. ಊರಿಗೆ ಊರೇ ನಮ್ಮ ಕಡೆ ಇದೆ, ಆದರೆ ಏಳುವ ಹಾಗಿಲ್ಲ, ಏನು ಮಾಡುವುದು ಎಂದೆ. ಚೆಲುವರಾಯರು ಯೋಚನೆ ಮಾಡಿದರು. ಏಳದೆ ಹೇಗಿರುವುದು ಎಂಬ ವಿಷಯದಲ್ಲಿ ಅವರಷ್ಟು ಯೋಚನೆ ಮಾಡಿದವರು ಊರಲ್ಲಿ ಇನ್ನೊಬ್ಬರಿಲ್ಲ.

‘ನಾನ್ಯಾಕೆ ಏಳ್ಬೇಕು?’ ಎಂದರು. ‘ನೀನು ಕುರ್ಚಿನೇ ಎತ್ತು.’

ನಾನು ಅವರನ್ನೇ ನೋಡಿದೆ. ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ ಇದು. ಆದರೂ ಕೂತವರನ್ನು ಕುರ್ಚಿ ಸಮೇತ ಎತ್ತಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ದಿನಾ ಕುರ್ಚಿ ಎತ್ತುವ ನನಗೂ. ಬುಧವಾರ ಬೆಳಗ್ಗೆ ನನ್ನ ಹಮಾಲಿಗಳನ್ನೆಲ್ಲ ಕರೆದು, ಕಂಬಗಳನ್ನು ಕುರ್ಚಿಯ ಕೈಗಳ ಕೆಳಗೆ ತೂರಿಸಿ ಹಗ್ಗ ಬಿಗಿಸಿದೆವು. ಮೊದಲು ಎತ್ತಿದ್ದು ನಮ್ಮ ಮನೆಯವರನ್ನು. ಬಾಗಿಲು ದಾಟುವಾಗ ‘ನಿಧಾನ ಕಣ್ರಪ್ಪಾ, ಅವನಿಗೆ ಜ್ವರ’ ಎಂದರೇ ಹೊರತು ಹಮಾಲಿಗಳ ಬೆನ್ನಿನ ಬಗ್ಗೆ ಇವರು ಏನೂ ಹೇಳಲಿಲ್ಲ. ಆಮೇಲೆ ಬೀದಿಬೀದಿಯಿಂದ ಕುರ್ಚಿಗಳು ಹೊರಟವು. ಕ್ಷೌರದ ಕುರ್ಚಿಯನ್ನು ನೆಲದಿಂದ ಬಿಚ್ಚಿ ತಂದೆವು. ಗಿರಾಕಿಯ ಅರ್ಧ ಮುಖಕ್ಕೆ ಅಷ್ಟೊತ್ತಿಗೆ ಒಳ್ಳೆಯ ಗಡ್ಡ ಬಂದಿತ್ತು. ಕಳ್ಳನ ಮಂಚಕ್ಕೆ ಗಾಣದವರೇ ಹೆಗಲು ಕೊಟ್ಟರು. ಬಸ್ಸಿಗೆ ಮಾತ್ರ ತೊಂದರೆಯಿರಲಿಲ್ಲ, ಡ್ರೈವರ್ ಬಸ್ಸನ್ನೇ ಓಡಿಸಿಕೊಂಡು ಬಂದ. ಇಷ್ಟು ದಿನ ಇದನ್ನು ಯಾಕೆ ಓಡಿಸಲಿಲ್ಲವಯ್ಯ ಎಂದರೆ, ಬೆಕ್ಕು ಕೂತಾಗ ಕೆಲಸ ಮಾಡಿದರೆ ಬೇರೆಯವರಿಗೆ ಕೆಟ್ಟ ಅಭ್ಯಾಸವಾಗುತ್ತದಮ್ಮ ಎಂದ.

ಸಭಾಂಗಣ ತುಂಬಿತು. ಬಸ್ಸು ಒಳಗೆ ಹಿಡಿಸದೆ ಮೂತಿ ಮಾತ್ರ ಬಾಗಿಲೊಳಗೆ ಇಟ್ಟು ನಿಂತಿತು. ಬೋರಲಿಂಗಯ್ಯನವರ ಮುಖ ಇಳಿಯಿತು. ಆದರೆ ಅವರೇನು ಕಡಿಮೆಯವರಲ್ಲ.

‘ಸಭೆಗೆ ಬಂದವರಿಗೆ ಕೈ ಎತ್ತೋ ಹಕ್ಕು’ ಎಂದರು. ‘ಇವರು ಯಾರೂ ಬಂದಿಲ್ಲ, ಇವರನ್ನ ಹೊತ್ತು ತಂದಿದಾರೆ. ಇವರ ಕೈ ಲೆಕ್ಕಕ್ಕಿಲ್ಲ. ಅಧ್ಯಕ್ಷನ ಮಾತೇ ಕೊನೆ.’

‘ನೀವೂ ಬಂದಿಲ್ಲ ಬಿಡಿ. ಹೋಗಿದ್ರೆ ತಾನೇ ಬರೋದು?’ ಎಂದು ಕಳ್ಳ ಮಂಚದಿಂದ ಹೇಳಿದ. ಎಲ್ಲರೂ ನಕ್ಕರು. ಬೆಕ್ಕುಗಳಿಗೆ ತೊಂದರೆಯಾಗದ ಹಾಗೆ, ಹೊಟ್ಟೆ ಅಲುಗಿಸದೆ ನಕ್ಕರು. ಅಧ್ಯಕ್ಷರು ಮಾತ್ರ ಜಗ್ಗಲಿಲ್ಲ. ನನ್ನ ಪಕ್ಕದಲ್ಲಿ ಚೆಲುವರಾಯರ ತೊಡೆಯ ಮೇಲೆ ಅಮಲ್ದಾರ ಕಣ್ಣು ಮುಚ್ಚಿ ಮಲಗಿತ್ತು. ಪಕ್ಕೆಲುಬು ಎದ್ದು ಕಾಣುತ್ತಿತ್ತು. ಅದನ್ನು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಮುಂದೆ ಹೋದೆ.

‘ಅಧ್ಯಕ್ಷರೇ, ಈ ಕುರ್ಚಿ ಯಾರದು?’

‘ಜನರದು ತಾಯಿ. ಜನ ಕೊಟ್ಟ ಕುರ್ಚಿ.’

‘ಅಲ್ಲ, ನನ್ನದು. ಒಂದು ದಿನಕ್ಕೆ ಅಂತ ತರಿಸ್ಕೊಂಡಿರಿ. ನಾಳೆ ಇದಕ್ಕೆ ಇನ್ನೊಂದು ಕಡೆ ಆರತಕ್ಷತೆ ಇದೆ.’

‘ನನ್ನನ್ನ ಏಳು ಅಂತೀರಾ? ಬೆಕ್ಕು ಕೂತಿರುವಾಗ?’

‘ರಾಮ ರಾಮಾ, ನಾನ್ಯಾಕೆ ಹಾಗಂತೀನಿ. ನೀವು ಏಳಲೇಬೇಡಿ. ನನ್ನ ಕುರ್ಚಿ ನಾನು ತಗೊಂಡು ಹೋಗ್ತೀನಿ’ ಎಂದು ಹಮಾಲಿಗಳಿಗೆ ಕಣ್ಣು ತೋರಿಸಿದೆ.

ಅವರು ಅಧ್ಯಕ್ಷರನ್ನು ಮಖಮಲ್ಲಿನ ಸಮೇತ ಎತ್ತಿದರು. ಬೋರಲಿಂಗಯ್ಯನವರು ಒಂದು ಕೈಯಿಂದ ಬೆಕ್ಕನ್ನು ಹಿಡಿದುಕೊಂಡು, ಅಭ್ಯಾಸಬಲದಿಂದ ಇನ್ನೊಂದು ಕೈಯಿಂದ ಎರಡೂ ಕಡೆಯ ಜನರಿಗೆ ನಮಸ್ಕಾರ ಮಾಡುತ್ತಾ ಹೊರಗೆ ಹೋದರು. ಅವರನ್ನು ನನ್ನ ಗೋದಾಮಿನಲ್ಲಿ ಹಂಡೆಗಳ ಪಕ್ಕ ಇಳಿಸಿದೆವು. ಮೂರು ಹೊತ್ತು ಊಟಕ್ಕೆ ನಾನೇನೂ ಕಡಿಮೆ ಮಾಡಲಿಲ್ಲ. ಇತ್ತ ಸಭಾಂಗಣದಲ್ಲಿ ಸಕೀನಾಬಿ ಕೈ ಎತ್ತಿ ಎಂದರು. ಬೆಕ್ಕು ಕದಲದಂತೆ ಎತ್ತಬೇಕಾದ್ದರಿಂದ ಎಲ್ಲರ ಕೈಗಳೂ ಅರ್ಧಕ್ಕೇ ನಿಂತವು. ಅರ್ಧ ಕೈಯನ್ನೂ ಪೂರ್ತಿ ಕೈಯೆಂದೇ ಹಿಡಿಯುತ್ತೇನೆ ಎಂದರು ಸಕೀನಾಬಿ. ತಮಟೆಯವರಲ್ಲೂ ಒಬ್ಬಿಬ್ಬರು, ನೋಡಿ ಮನಸ್ಸು ಕರಗಿಯೋ ಏನೋ, ಕೈ ಎತ್ತಿದರು. ಕಮಾನಿನ ದುಡ್ಡು ಬೆಕ್ಕಿಗಾಯಿತು.

ದುಡ್ಡು ಬಂತೆಂದು ಮದ್ದು ಕೂಡಲೇ ಬರುತ್ತದೆಯೇ? ಮುಕ್ತಾಂಬ ಸಣ್ಣ ಥರ್ಮಾಮೀಟರ್ ತರಿಸಿದರು, ಸಣ್ಣ ಸೂಜಿ ತರಿಸಿದರು, ಹೆಗಲಿಗೆ ಹಾಕಿಕೊಂಡು ಓಡಾಡಬಹುದಾದ ಎಕ್ಸ್‌ರೇ ಯಂತ್ರ ತರಿಸಿದರು. ಮನೆಮನೆಗೆ ಹೋಗಿ ತೊಡೆಗಳ ಮುಂದೆ ಮಂಡಿಯೂರಿ ರಕ್ತ ತೆಗೆದರು, ಪಟ್ಟಣಕ್ಕೆ ಕಳಿಸಿದರು, ಕಾದರು. ಮೊದಲ ಔಷಧಿಯಿಂದ ಏನೂ ಆಗಲಿಲ್ಲ. ಎರಡನೆಯದರಿಂದ ಬೆಕ್ಕುಗಳಿಗೆ ಆಕಳಿಕೆ ಹೆಚ್ಚಾಯಿತು. ಕಮಾನಾದರೂ ಆಗಿದ್ದರೆ ನೆರಳಿರುತ್ತಿತ್ತು ಎಂದು ಅಲ್ಲಿ ಇಲ್ಲಿ ಗೊಣಗಾಟ ಶುರುವಾಯಿತು. ನಾನು ಕೆಲಸ ಬಿಟ್ಟು ಬಿಟ್ಟು ಬಂದು ಅಮಲ್ದಾರನ ಬಾಯಿಗೆ ಮೀನಿನ ತಿಳಿಸಾರು ತೊಟ್ಟುತೊಟ್ಟಾಗಿ ಬಿಡುತ್ತಿದ್ದೆ. ನುಂಗಿದರೆ ಆ ದಿನವೆಲ್ಲ ಹಗುರಾಗಿರುತ್ತಿದ್ದೆ. ನುಂಗದಿದ್ದರೆ ಹಮಾಲಿಗಳಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮುಕ್ತಾಂಬ ಓಡುತ್ತಲೇ ಬಂದರು. ಕೈಯಲ್ಲಿದ್ದ ಎಕ್ಸ್‌ರೇ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದರಲ್ಲಿ ಚೆನ್ನಾಗಿದ್ದ ಬೆಕ್ಕಿನ ಕಾಲು, ಇನ್ನೊಂದರಲ್ಲಿ ಅಮಲ್ದಾರನ ಕಾಲು.

‘ಕೀಲು ನೋಡಿ, ಹೇಗೆ ಊದಿದೆ. ಒಂದು ಕ್ರಿಮಿ, ಜ್ವರ ಬರಿಸಿ ಕಾಲಿನ ಕೀಲುಗಳಿಗೆ ಇಳಿದಿದೆ. ಮೈ ನೋವಿಗೆ ಬೆಚ್ಚಗಿರಲಿ ಅಂತ ತೊಡೆ ಹತ್ತಿವೆ. ಕೂತ ಮೇಲೆ ಕೀಲು ಬಿಗಿದುಹೋಗಿದೆ, ನೆಗೆಯೋಕೆ ಆಗ್ತಿಲ್ಲ. ಇದಕ್ಕೆ ಔಷಧಿ ಇದೆ.’

‘ಅಂದ್ರೆ ಇವನು...’ ಎಂದು ಚೆಲುವರಾಯರು ಅರ್ಧಕ್ಕೇ ನಿಲ್ಲಿಸಿದರು.

‘ಇಳಿಯಲ್ಲ ಅಂತ ಕೂತಿಲ್ಲ ರಾಯರೇ. ಇಳಿಯೋಕಾಗದೆ ಕೂತಿದಾನೆ. ಯಾರಾದ್ರೂ ಇಳಿಸ್ತಾರಾ ಅಂತ ಇಷ್ಟು ದಿನ ಕಾದಿರಬೇಕು ಪಾಪ.’

 ಊರಿಗೆ ಊರೇ ಉಸಿರು ಬಿಗಿಹಿಡಿದು ಮರ್ಯಾದೆ ತೋರಿಸುತ್ತಾ ಕೂತಿತ್ತು. ಬೆಕ್ಕುಗಳು ಆ ಮರ್ಯಾದೆಯ ಮೇಲೆ ಸಿಕ್ಕಿಹಾಕಿಕೊಂಡು ಒಣಗುತ್ತಿದ್ದವು. ದಿನಕ್ಕೆರಡು ಸಲ ಇಳಿಸಿ ನಡೆಸಬೇಕು, ಮದ್ದು ಕುಡಿಸಬೇಕು ಎಂದರು ಮುಕ್ತಾಂಬ. ಆದರೆ ನಮ್ಮಲ್ಲಿ ತೊಡೆಯ ಮೇಲಿನ ಬೆಕ್ಕನ್ನು ಕೈಯಿಂದ ಎತ್ತಿ ಇಳಿಸಿದವರು ಒಬ್ಬರೂ ಇರಲಿಲ್ಲ. ಇವರೇ ಮೊದಲಿಗರಾದರು. ಅಮಲ್ದಾರನ ಹೊಟ್ಟೆಯ ಕೆಳಗೆ ಎರಡೂ ಅಂಗೈ ಕೊಟ್ಟು ಎತ್ತಿ, ಬಗ್ಗಿ, ನೆಲದ ಮೇಲೆ ಬಿಟ್ಟರು. ಅದು ನಾಲ್ಕು ಕಾಲಿನ ಮೇಲೆ ಅಲ್ಲಾಡುತ್ತಾ ನಿಂತಿತು. ಆಮೇಲೆ ನಮಗೆಲ್ಲ ಬೆನ್ನು ತಿರುಗಿಸಿ, ಒಂದೊಂದೇ ಹೆಜ್ಜೆ ಇಡುತ್ತಾ ಹಿತ್ತಲಿನ ಕಡೆಗೆ ಹೊರಟಿತು. ಇವರು ಗೋಡೆ ಹಿಡಿದು ಎದ್ದರು. ಇವರ ಮಂಡಿಯೂ ಬಿಗಿದಿತ್ತು. ಇಬ್ಬರೂ ಕುಂಟುತ್ತಾ ಹಿತ್ತಲಿಗೆ ಹೋಗುವುದನ್ನು ನೋಡಿ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮದ್ದು ನಾಟಿತು. ಊರಲ್ಲಿ ಜನ ಒಬ್ಬೊಬ್ಬರಾಗಿ ಎದ್ದರು. ಕಳ್ಳ ಪೊಲೀಸರ ಜೊತೆ ಹೊರಟಾಗ ಗಾಣದವರು ದಾರಿಗೆ ಬುತ್ತಿ ಕಟ್ಟಿಕೊಟ್ಟರು. ಸಕೀನಾಬಿ ಅಧ್ಯಕ್ಷೆಯಾದರು. ಬೋರಲಿಂಗಯ್ಯನವರು ತಮ್ಮ ಬೆಕ್ಕು ಪೂರ್ತಿ ಗುಣವಾದ ಮೇಲೂ ಎರಡು ದಿನ ನನ್ನ ಗೋದಾಮಿನಲ್ಲೇ ಕೂತಿದ್ದರು. ಈಗ ವರ್ಷವರ್ಷವೂ ಪುರಸಭೆಯಲ್ಲಿ ಮೊದಲು ಬೆಕ್ಕಿನ ಸಂಶೋಧನೆಗೆ ದುಡ್ಡು ಎತ್ತಿಟ್ಟು ಉಳಿದದ್ದು ಆಮೇಲೆ. ಮುಕ್ತಾಂಬ ಸದ್ಯಕ್ಕೆ ಬೆಕ್ಕಿನ ಮೂತ್ರಪಿಂಡದ ಹಿಂದೆ ಬಿದ್ದಿದ್ದಾರೆ. ಅದರಲ್ಲಿ ಏನು ಸಿಗುತ್ತದೆಂದು ಅವರಿಗೂ ಗೊತ್ತಿಲ್ಲ, ಯಾರೂ ಕೇಳುವುದೂ ಇಲ್ಲ.

ಅಮಲ್ದಾರ ನಡೆಯುವಂತಾಯಿತು, ಆದರೆ ನೆಗೆಯಲು ಇನ್ನೂ ಬಾರದು. ಮೊನ್ನೆ ಮದುವೆಯ ಲಾರಿ ಬಂದು ನಿಂತಿದ್ದ ಹೊತ್ತಿನಲ್ಲಿ ಅವನು ಗೋದಾಮಿನೊಳಗೆ ಬಂದ. ಇವರನ್ನು ಹುಡುಕಿಕೊಂಡು ಬಂದಿರಬೇಕೆಂದು ನಾನು ಸುಮ್ಮನಿದ್ದೆ. ಅವನು ನನ್ನ ಹತ್ತಿರ ಬಂದು, ಮುಂಗಾಲು ಎತ್ತಿ ನನ್ನ ಮಂಡಿಯ ಮೇಲಿಟ್ಟು, ಮುಖ ನೋಡಿದ. ನಾನು ಸುತ್ತ ನೋಡಿದೆ. ಬೋರಲು ಹಾಕಿದ್ದ ಹಂಡೆಯೊಂದಿತ್ತು. ಅದರ ಮೇಲೆ ಕೂತು, ಬಗ್ಗಿ, ಅವನನ್ನು ಎರಡು ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಅವನು ಒಂದು ಸುತ್ತು ತಿರುಗಿ ಮಲಗಿದ. ಹೊಟ್ಟೆಯೊಳಗಿಂದ ಗುರುಗುರು ಎಂದು ಸದ್ದು ಬಂತು. ಅದು ನನ್ನ ಮೂಳೆಗಳವರೆಗೂ ಕೇಳಿಸಿತು.

ಚೆಲುವರಾಯರು ಬಾಗಿಲಲ್ಲಿ ಬಂದು ನಿಂತರು. ‘ಲಾರಿಯವನು ಕಾಯ್ತಿದಾನೆ, ಕೊಪ್ಪರಿಗೆ...’ ಎಂದವರು ನಮ್ಮಿಬ್ಬರನ್ನು ನೋಡಿದರು.

‘ತಾನಾಗೇ ಹತ್ತಿದನಾ?’ ಎಂದು ಕೇಳಿದರು.

‘ಹೂಂ’ ಎಂದೆ.

ಅವರು ಅವನ ಕಾಲುಗಳನ್ನು ನೋಡಿದರು, ನನ್ನ ಕೈಗಳನ್ನು ನೋಡಿದರು. ಪಂಚೆ ಎತ್ತಿ ಕಟ್ಟಿಕೊಂಡು, ಮೂಲೆಯಲ್ಲಿದ್ದ ದೊಡ್ಡ ಕೊಪ್ಪರಿಗೆಯ ಬಳೆಗಳಿಗೆ ಕೈ ಹಾಕಿ, ಹಲ್ಲು ಕಚ್ಚಿ ಒಂದು ಗೇಣು ಮೇಲೆತ್ತಿ ಮತ್ತೆ ಕೆ‍ಳಗಿಟ್ಟರು. ಏದುಸಿರು ಬಿಡುತ್ತಾ ಕೊಪ್ಪರಿಗೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

‘ಅಲ್ಲ ಕಣೇ, ಇಷ್ಟು ವರ್ಷ ಇದನ್ನ ಯಾರು ಎತ್ತುತಿದ್ರು?’ ಎಂದರು.